ಎಂಬತ್ತೆಂಟು ಮನೆ

ನಡುಹಗಲಿಗೂ ಬೀದಿದೀಪ ಉರಿಯುತ್ತಿದ್ದ ಊರು ಪಿಟ್ಸ್‌ಬರ್ಗ್.
ಕುಲುಮೆಗಳ ಮಸಿ ಕಿಟಕಿಗೆ, ಅಂಗಿಯ ಕೊರಳಪಟ್ಟಿಗೆ,
ಪಿಯಾನೋದ ತಂತಿಗೆ.
ವರ್ಷಕ್ಕೆ ನಾಲ್ಕು ಸಲ ಅದರ ಹೊಟ್ಟೆ ಬಿಚ್ಚಿ
ಮಸಿ ಒರೆಸಿ ಶ್ರುತಿ ಕೂಡಿಸುವುದು ನನ್ನ ಕೆಲಸ.
ವೈಲಿ ಅವೆನ್ಯೂ, ಪೆಟ್ವೇಯ ನೆಲಮಾಳಿಗೆ,
ಹದಿಮೂರು ಮೆಟ್ಟಿಲು, ಏಳನೆಯದು ಸಡಿಲ.

ನುಡಿಸಲು ಬರುವುದಿಲ್ಲ ನನಗೆ, ಕೇಳಬೇಡಿ.
ಸವೆದದ್ದನ್ನು ಓದುವುದು ಗೊತ್ತು.
ಯಾರು ಯಾವ ಮನೆಯಲ್ಲಿ ಎಷ್ಟು ಹೊತ್ತು ಕೂತರು,
ಯಾರು ಬಾಗಿಲು ತಟ್ಟಿ ಓಡಿದರು,
ದಂತದ ಮೇಲೆ ಬರೆದಿರುತ್ತದೆ.

ಚಿಕ್ಕಪ್ಪ ಹೇಳುತ್ತಿದ್ದ, ಅವನ ಕಾಲದವರ
ಎಡಗೈಗೆ ಕವಾಯತು: ಒಂದು, ಎರಡು, ಒಂದು, ಎರಡು.
ಬಲಗೈ ಮಾತ್ರ ಮದುವೆಗೆ ತಡವಾದವಳು,
ತಾಳದ ಮುಂಚೆಯೋ ಆಮೇಲೋ ಕಾಲಿಡುವವಳು.

ನಾನು ಕಂಡ ಮೊದಲಿಗ ಲೂಷಸ್ ಟಿಲ್ರಿ.
ಬಾಡಿಗೆ ಕಟ್ಟಲಾರದವರ ಕೋಣೆಯಲ್ಲಿ ಶನಿವಾರ ರಾತ್ರಿ,
ಬಾಗಿಲಲ್ಲಿ ಕಾಲು ಡಾಲರ್, ಒಳಗೆ ಹಂದಿಕಾಲಿನ ಸಾರು,
ಮೂಲೆಯಲ್ಲಿ ಇವನು.
ಎಡಗೈ ಮಂದ್ರದಿಂದ ನಡುವಿಗೆ, ನಡುವಿನಿಂದ ಮಂದ್ರಕ್ಕೆ
ಹಳ್ಳ ದಾಟುವವನ ಹಾಗೆ ನೆಗೆಯುತ್ತಿತ್ತು, ಒಮ್ಮೆಯೂ ಒದ್ದೆಯಾಗದೆ.
ಎಷ್ಟು ಮನೆಗಳ ಬಾಡಿಗೆ ಕಟ್ಟಿತೋ ಆ ಕೈ!
ತಿಂಗಳಿಗೊಂದು ತಂತಿ ಹರಿಯಿತು. ನನಗೂ ಲಾಭವೇ.

ಆಮೇಲೆ ಕ್ಲೀಟಸ್. ಹಗಲು ಕುಲುಮೆ, ರಾತ್ರಿ ಪಿಯಾನೋ,
ಎರಡಕ್ಕೂ ಒಂದೇ ಅಂಗಿ.
ಅವನ ಎಡಗೈಯಲ್ಲಿ ಗೂಡ್ಸ್ ಗಾಡಿ ಓಡುತ್ತಿತ್ತು,
ಅದೇ ಎಂಟು ಗಾಲಿ, ಅದೇ ಹಳಿ, ಬೆಳಗಿನವರೆಗೆ.
ಸುತ್ತಿಗೆಗಳ ಉಣ್ಣೆ ಕಲ್ಲಾಯಿತು.
ಸೂಜಿಯಿಂದ ಚುಚ್ಚಿ ಚುಚ್ಚಿ ಮೆತ್ತಗೆ ಮಾಡಿದೆ.

ಹ್ಯಾಟಿ ಮ್ಯಾರಬಲ್ ಬಂದ ವರ್ಷ ಏನೂ ಮುರಿಯಲಿಲ್ಲ.
ಹತ್ತು ಬೆರಳಿದ್ದೂ ಆರರಲ್ಲಿ ಮುಗಿಸುವಳು.
ಮಿಕ್ಕ ನಾಲ್ಕು ಎಲ್ಲಿಗೆ ಹೋಗುತ್ತಿತ್ತೆಂದು
ಕುಣಿಯುವವರ ಹಿಮ್ಮಡಿಗೆ ಗೊತ್ತಿತ್ತು.
ಒಂದು ಮಧ್ಯಾಹ್ನ ನನ್ನ ಬೆನ್ನ ಹಿಂದೆ ನಿಂತು ಅಂದಳು:
'ನಡುವಿನ ಆ ಕರಿ ಮನೆ, ಅದನ್ನು ಎಳೆಯಬೇಡ.
ಒಂದು ಕೂದಲೆಳೆ ಇಳಿದೇ ಇರಲಿ.
ಗೋಡೆ ಚೂರು ಓರೆಯಿದ್ದರೇ ಅದು ಮನೆ.'
ಕೀಲಿ ಕೆಳಗಿಟ್ಟೆ.

ಥೇರನ್ ಸ್ಪೈವಿಯ ಬಲಗೈ ಹಿಡಿಯಲು ನನ್ನ ಕಿವಿಗೆ ಆಗಲಿಲ್ಲ.
ಕುಣಿಯುವವರು ಎರಡು ಸುತ್ತು ಹಾಕಿ, ಸೋತು, ಕೂತರು.
ಮಂದ್ರದ ತಂತಿಗಳು ತುಕ್ಕು ಹಿಡಿದವು, ಮುಟ್ಟುವವರಿಲ್ಲದೆ.
'ಇವನಿಗೆ ಎಡಗೈ ಇಲ್ಲವೇನೇ?' ಅಂದ
ಮುದಿ ಲೂಷಸ್, ಮೂಲೆಯ ಕುರ್ಚಿಯಿಂದ.
ಇನ್ನೊಂದು ಗ್ಲಾಸ್ ಮುಗಿಯುವ ಹೊತ್ತಿಗೆ ತಾನೇ ಅಂದ:
'ಇದೆ. ಬಲಗೈ ಕಥೆ ಹೇಳ್ತಾ ಇದೆ,
ಎಡಗೈ ಹೂಂಗುಡ್ತಾ ಇದೆ.'

ಐವತ್ತಾರರಲ್ಲಿ ನಗರಸಭೆ ಬಂತು.
ಕ್ರೇನಿನ ತುದಿಗೆ ಕಬ್ಬಿಣದ ಗುಂಡು.
ಕ್ಷೌರದಂಗಡಿ, ಚರ್ಚು, ಚಿಕ್ಕಪ್ಪನ ಕೋಣೆ,
ಲೂಷಸ್ ಬಾಡಿಗೆ ಕಟ್ಟಿಸಿದ ಮನೆಗಳೆಲ್ಲ
ಕರಿಯರ ಮನೆ, ಎಣಿಸಿದವರಿಲ್ಲ.
ಎಂಬತ್ತೆಂಟನ್ನು ಮಾತ್ರ ನಾವು ಆರು ಜನ
ಹದಿಮೂರು ಮೆಟ್ಟಿಲು ಹತ್ತಿಸಿ ಹೊತ್ತುಕೊಂಡು ಹೋದೆವು.
ಏಳನೆಯದು ಆ ದಿನವೂ ಅಲುಗಾಡಿತು.

ಈಗ ಅದು ಹೋಮ್‌ವುಡ್ಡಿನ ಒಂದು ಚರ್ಚಿನ ಹಿಂಬದಿ ಕೋಣೆಯಲ್ಲಿ.
ಕಳೆದ ವಾರ ಒಬ್ಬ ಹುಡುಗ, ಹೆಸರು ಆಬ್ರಿ, ಗಡ್ಡ ಇನ್ನೂ ಸರಿಯಾಗಿ ಬಂದಿಲ್ಲ,
ಮೊಣಕೈ ಊರಿದ. ಹದಿನಾಲ್ಕು ಮನೆ ಒಂದೇ ಏಟಿಗೆ.
ಪಾದ್ರಿಯ ಹೆಂಡತಿ ಎದ್ದು ಹೋದಳು. ಇನ್ನಿಬ್ಬರು ಹೋದರು.
ನಾನು ಕೂತೆ. ಆ ಸದ್ದು ನನಗೆ ಪರಿಚಯದ್ದು,
ನಮ್ಮ ಬೀದಿಯಲ್ಲಿ ನಿಂತು ಕೇಳಿದ್ದೆ.

ಧೂಳೆಲ್ಲ ಇಳಿಯಲಿ ಎಂಬಂತೆ ತುಸು ಕಾದು,
ಒಂದೇ ಹೆಬ್ಬೆರಳಿನಿಂದ ನಡುವಿನ ಆ ಕರಿ ಮನೆ ಒತ್ತಿ
ಹಿಡಿದೇ ಕೂತ, ಸದ್ದು ಪೂರ್ತಿ ಆರುವವರೆಗೆ.

'ಇದು ಇಳಿದಿದೆ' ಅಂದ ನನ್ನ ಕಡೆ ತಿರುಗಿ.
'ಗೊತ್ತು' ಅಂದೆ.
ಅವನು ಮತ್ತೆ ಒತ್ತಿದ.